ಕಾಲೇಜು ಬಾನುಲಿ: ಹುಡುಕುವ ಬಗೆ, ಉಳಿಸುವ ಬಗೆ

ವಿದ್ಯಾರ್ಥಿನಿಯೊಬ್ಬಳು ಕಾಲೇಜಿನ ಬಾನುಲಿ ಕೇಂದ್ರದಲ್ಲಿ ಮಾತನಾಡಿದಳು. ಹನ್ನೆರಡು ಕಿ.ಮೀ. ದೂರದ ಹಳ್ಳಿಯಲ್ಲಿದ್ದ ತಾಯಿಗೆ ಅದು ಕೇಳಿಸಲೇ ಇಲ್ಲ. "ಏಕೆ ಸರ್?" ಎಂದು ಕೇಳಿದಳು. ಉತ್ತರ ಭೌತವಿಜ್ಞಾನದಲ್ಲಿದೆ.

ಬಾನುಲಿ ತರಂಗಗಳು ಸಾರ್ವಜನಿಕ ಸ್ವತ್ತು ಎಂದು ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ ಸಾರಿತು. ಶಿಕ್ಷಣ ಸಂಸ್ಥೆಗಳು ಸ್ವಂತ ಕೇಂದ್ರ ನಡೆಸಲು 2002ರ ಕೊನೆಯಲ್ಲಿ ಅವಕಾಶ ದೊರೆಯಿತು. 2004ರಲ್ಲಿ ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯದ ಕೇಂದ್ರ ಪ್ರಸಾರ ಆರಂಭಿಸಿತು. ಬಳಿಕ ನಮ್ಮಲ್ಲಿಯೂ ಬೆಂಗಳೂರಿನ ರೇಡಿಯೋ ಆಕ್ಟಿವ್, ಮಣಿಪಾಲದ ರೇಡಿಯೋ ಮಣಿಪಾಲ್, ಮಂಗಳೂರಿನ ರೇಡಿಯೋ ಸಾರಂಗ್ ಮೊದಲಾದವು ಬಂದವು.

ಬೆಂಗಳೂರು ಮತ್ತು ಮಣಿಪಾಲದ ಈ ಕೇಂದ್ರಗಳೆರಡಕ್ಕೂ 90.4 ಮೆಗಾಹರ್ಟ್ಸ್ ಆವೃತ್ತಿಯೇ ದೊರೆತಿದೆ. ಆದರೂ ಒಂದು ಇನ್ನೊಂದನ್ನು ಕೆಡಿಸುವುದಿಲ್ಲ. ಈ ಆವೃತ್ತಿಯ ತರಂಗಗಳು ಬಹುಮಟ್ಟಿಗೆ ನೇರ ದೃಷ್ಟಿರೇಖೆಯಲ್ಲಿ ಸಾಗುತ್ತವೆ. ಎರಡು ಊರುಗಳ ನಡುವೆ ಸುಮಾರು 300 ಕಿ.ಮೀ. ಅಂತರವಿದೆ. ಇಂಥ ಕೇಂದ್ರಗಳ ಪರಿಣಾಮಕಾರಿ ವಿಕಿರಣ ಸಾಮರ್ಥ್ಯ ಸಾಮಾನ್ಯವಾಗಿ 100 ವಾಟ್‌ಗೆ, ಆಂಟೆನಾದ ಎತ್ತರ 30 ಮೀಟರ್‌ಗೆ ಸೀಮಿತ. ಅಷ್ಟು ಎತ್ತರದಿಂದ ದಿಗಂತ ಸುಮಾರು 20 ಕಿ.ಮೀ. ದೂರವಿದ್ದರೂ, ಕಟ್ಟಡ, ಗುಡ್ಡ, ಮರಗಳ ತಡೆಯಿಂದಾಗಿ ಸ್ಪಷ್ಟ ಶ್ರವಣ 5ರಿಂದ 10 ಕಿ.ಮೀ.ಗೆ ನಿಲ್ಲುತ್ತದೆ. ತಡೆಯೇ ಇಲ್ಲದಿದ್ದರೂ, ದೂರ ಎರಡರಷ್ಟಾದರೆ ತೀವ್ರತೆ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ.

ಹಾಗಾದರೆ ಕ್ಷೀಣ ಸಂಕೇತವನ್ನು ಹಿಡಿಯುವುದು ಹೇಗೆ? 90.4 ಮೆಗಾಹರ್ಟ್ಸ್‌ನ ತರಂಗದೂರ ಸುಮಾರು 3.3 ಮೀಟರ್, ಅದರ ಕಾಲು ಭಾಗ 83 ಸೆಂ.ಮೀ. ರೇಡಿಯೋದ ಕಡ್ಡಿಯನ್ನು ಸುಮಾರು 80 ಸೆಂ.ಮೀ.ವರೆಗೆ ಎಳೆಯಿರಿ. ನೆಟ್ಟಗೆ, ಅಡ್ಡಲಾಗಿ ಹಿಡಿದು ನೋಡಿ. ಪ್ರಸಾರದ ಧ್ರುವೀಕರಣಕ್ಕೆ ಹೊಂದುವ ದಿಕ್ಕಿನಲ್ಲಿ ಧ್ವನಿ ತಿಳಿಯಾಗುತ್ತದೆ. ಎಫ್.ಎಂ. ಸೌಲಭ್ಯವಿರುವ ಮೊಬೈಲ್‌ಗಳಲ್ಲಿ ಸಾಮಾನ್ಯವಾಗಿ ಇಯರ್‌ಫೋನಿನ ತಂತಿಯೇ ಆಂಟೆನಾ. ಅದನ್ನು ಸುರುಳಿ ಸುತ್ತದೆ ನೀಳವಾಗಿ ಬಿಡಬೇಕು. ಆ ವಿದ್ಯಾರ್ಥಿನಿಯ ಮನೆಯಲ್ಲಿ ರೇಡಿಯೋವನ್ನು ಅಡುಗೆಮನೆಯಿಂದ ತಾರಸಿಗೆ ಒಯ್ದು ಕಡ್ಡಿ ನೆಟ್ಟಗೆ ನಿಲ್ಲಿಸಿದಾಗ, ಕರಕರ ಸದ್ದಿನ ನಡುವೆಯೂ ಮಗಳ ಮುಂದಿನ ಕಾರ್ಯಕ್ರಮ ಕೇಳಿಸಿತು.

ಅಧ್ಯಾಪಕರು ಇದನ್ನೇ ಪ್ರಯೋಗವಾಗಿಸಬಹುದು. ಕೇಂದ್ರದ ಸುತ್ತ 2, 4, 6, 8 ಕಿ.ಮೀ. ವೃತ್ತಗಳನ್ನು ನಕ್ಷೆಯಲ್ಲಿ ಎಳೆಯಿರಿ. ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನಲ್ಲಿ ಒಂದೇ ಬಗೆಯ ರೇಡಿಯೋದಿಂದ ಆಲಿಸಿ, ಸ್ಪಷ್ಟತೆಗೆ 0ಯಿಂದ 5ರವರೆಗೆ ಅಂಕ ಕೊಡಲಿ. ಯಾವ ದಿಕ್ಕಿನಲ್ಲಿ ಗುಡ್ಡ ಅಡ್ಡವಾಗಿದೆ ಎಂಬುದು ತಾನಾಗಿ ತಿಳಿಯುತ್ತದೆ. ಈ ನಕ್ಷೆಯನ್ನು ಕೇಂದ್ರಕ್ಕೆ ಕೊಟ್ಟರೆ ಅದಕ್ಕೂ ಉಪಯೋಗ.

ಇಂಥ ಕೇಂದ್ರಗಳಿಗೆ ಆದಾಯ ಕಡಿಮೆ. ಜಾಹೀರಾತಿನ ಅವಧಿಯನ್ನು 2024ರಲ್ಲಿ ಗಂಟೆಗೆ 12 ನಿಮಿಷಕ್ಕೆ ಏರಿಸಲಾಯಿತಾದರೂ, ಕೇಳುಗರಿಲ್ಲದ ಕಡೆ ಜಾಹೀರಾತು ಬರುವುದಿಲ್ಲ. ಕಾರ್ಯಕ್ರಮಗಳಲ್ಲಿ ಕನಿಷ್ಠ ಅರ್ಧ ಸ್ಥಳೀಯವಾಗಿರಬೇಕೆಂಬ ನಿಯಮವೂ ಇದೆ. ಅದನ್ನು ತುಂಬುವವರು ನಾವೇ. ಹತ್ತು ನಿಮಿಷದ ಒಂದು ವಿಜ್ಞಾನ ಪಾಠ, ಒಬ್ಬ ರೈತನ ಅನುಭವ, ಕೇಳಿದ ಬಳಿಕ ಬರೆದ ಒಂದು ಪತ್ರ: ಕೇಂದ್ರ ಉಳಿಯುವುದು ಇವುಗಳಿಂದ. ಕೇಳುವವರಿಲ್ಲದ ಪ್ರೇಷಕ ಗಾಳಿಯನ್ನಷ್ಟೇ ಬಿಸಿಮಾಡುತ್ತದೆ.