ಮನೆಯೊಳಗಣ ಕೋವಿ

ಮಲೆನಾಡಿನ ಒಂಟಿಮನೆಗಳಿಗೆ ಕೋವಿ ಹೊಸತಲ್ಲ. ಕೊಡಗಿನಲ್ಲಂತೂ ಕೈಲ್ ಪೊಳ್ದ್ ಹಬ್ಬದಂದು ಅದು ಹೂ ಮುಡಿದು ಪೂಜೆಗೊಳ್ಳುತ್ತದೆ. ನಾನು ಹುಟ್ಟಿ ಬೆಳೆದ ತೋಟದ ಮನೆಯಲ್ಲಿಯೂ ಒಂದು ಜೋಡುನಳಿಗೆಯ ತೋಟಾಕೋವಿ ಇದ್ದಿತು. ಆ ಬಳಕೆಯನ್ನು ನೆಚ್ಚಿಯೇ ಇರಬೇಕು, ಹೊಸದಾಗಿ ಆಯುಧ ಕೊಳ್ಳಬೇಕೆಂದಿರುವ ಪರಿಚಿತರು ನನ್ನನ್ನು ಕೇಳುವುದುಂಟು: ‘ಮನೆಯ ಕಾವಲಿಗೆ ಯಾವುದು ಹೆಚ್ಚು ಬಲವಾದದ್ದು, ಸಾರ್?’ ಪ್ರಶ್ನೆಯನ್ನು ತುಸು ತಿರುಗಿಸಿಕೊಳ್ಳುವುದು ಲೇಸೆಂದು ನನ್ನ ಭಾವನೆ. ಅದನ್ನು ಹಿಡಿಯುವ ಕೈ ಯಾರದು? ಹಿಡಿಯದ ಹೊತ್ತಿನಲ್ಲಿ ಅದು ಎಲ್ಲಿರುತ್ತದೆ? ಆಯ್ಕೆ ನಿಂತಿರುವುದು ಈ ಎರಡರ ಮೇಲೆ.

ಹಳೆಯ ಮನೆಗಳ ಕೇಪಿನ ಕೋವಿಯನ್ನು ಮೊದಲೇ ಬದಿಗಿಡಬಹುದು. ಬಾಯಿಯಿಂದ ಮದ್ದು, ಚರೆಗಳನ್ನು ಜಡಿದು ತುಂಬುವ ಆ ಕೋವಿಯನ್ನು ಬರಿದುಮಾಡುವುದು ಕಷ್ಟ. ತುಂಬಿದೆಯೋ ಇಲ್ಲವೋ ಎಂಬುದು ನೋಟಕ್ಕೆ ತಿಳಿಯದು. ರಿವಾಲ್ವರು ಚಿಕ್ಕದು, ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಲು ಸುಲಭ. ಆದರೆ ನಳಿಗೆ ಗಿಡ್ಡವಾದುದರಿಂದ ಕೈ ಕೊಂಚ ನಡುಗಿದರೂ ಗುರಿ ಬಹಳ ತಪ್ಪುತ್ತದೆ. ಸತತ ಅಭ್ಯಾಸವಿಲ್ಲದವರಿಗೆ ಅದು ಹೇಳಿದಂತೆ ಕೇಳುವ ಆಯುಧವಲ್ಲ. ಜೋಡುನಳಿಗೆಯ ತೋಟಾಕೋವಿಗೆ ಎರಡು ಕೈಗಳ ಜೊತೆಗೆ ಭುಜದ ಆಸರೆಯೂ ಉಂಟು. ಮಡಿಚಿ ತೆರೆದರೆ ಎರಡು ನಳಿಗೆಗಳೂ ಕಣ್ಣಿಗೆ ಬಯಲಾಗುತ್ತವೆ, ಬರಿದಾಗಿದೆಯೆಂದು ಊಹಿಸಬೇಕಾಗಿಲ್ಲ. ಹೊಸಬರಿಗೆ ನಾನು ಸೂಚಿಸುವುದು ಇದನ್ನೇ.

ಇದರಲ್ಲಿ ಬಳಕೆಯಲ್ಲಿರುವುದು ಬಹುತೇಕ 12 ಬೋರಿನದು. ನಳಿಗೆಯ ಅಗಲದಷ್ಟೇ ಇರುವ 12 ಸೀಸದ ಗುಂಡುಗಳು ಒಂದು ಪೌಂಡು ತೂಗುತ್ತವೆ ಎಂಬುದೇ ಆ ಹೆಸರಿನ ಮೂಲ. ಹೀಗಾಗಿ 20 ಬೋರಿನ ನಳಿಗೆ ಇದಕ್ಕಿಂತ ಕಿರಿದು. ಕೊಳ್ಳುವ ಮೊದಲು, ಬಳಸಬೇಕಾಗಬಹುದಾದ ಪ್ರತಿಯೊಬ್ಬರೂ ಭುಜಕ್ಕೇರಿಸಿ ನೋಡಬೇಕು. ಬಲು ಹಗುರವಾದ ಕೋವಿಯ ಒದೆತ ಹೆಚ್ಚು. ಚರೆ ಹರಡುವುದರಿಂದ ಗುರಿಯೇ ಬೇಡವೆಂಬ ಮಾತು ಸುಳ್ಳು. ಒಂದು ಕೋಣೆಯ ಅಂತರದಲ್ಲಿ ಅದು ಅಂಗೈಯಗಲ ಹರಡಿದರೆ ಹೆಚ್ಚು. ಹಲಗೆಯ ಗೋಡೆಯನ್ನು ಮಾತ್ರ ತೂರಿ ಹೋಗಬಲ್ಲುದು.

ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೆಲವು ಷರತ್ತುಗಳೊಡನೆ ಲೈಸೆನ್ಸಿನಿಂದ ವಿನಾಯಿತಿ ಇದೆ. ನಮ್ಮಂಥವರು 1959ರ ಆಯುಧ ಕಾಯಿದೆಯಂತೆ ಅದನ್ನು ಪಡೆಯಲೇಬೇಕು. ವಯಸ್ಸು 21 ತುಂಬಿರಬೇಕು. 2019ರ ತಿದ್ದುಪಡಿಯಿಂದ ಲೈಸೆನ್ಸಿನ ಅವಧಿ ಮೂರು ವರ್ಷಗಳಿಂದ ಐದಕ್ಕೆ ಏರಿತು, ಇಟ್ಟುಕೊಳ್ಳಬಹುದಾದ ಆಯುಧಗಳು ಮೂರರಿಂದ ಎರಡಕ್ಕೆ ಇಳಿದವು. ಚುನಾವಣೆ ಬಂದರೆ ಕೋವಿಯನ್ನು ಠಾಣೆಗೆ ಒಪ್ಪಿಸಬೇಕಾಗುವುದೂ ಉಂಟು. ಆದುದರಿಂದ ಗಟ್ಟಿ ಬಾಗಿಲು, ಅಂಗಳದ ದೀಪ, ನಾಯಿ, ನೆರೆಯವರ ಸ್ನೇಹ ಇವು ಕೋವಿಗಿಂತ ಮುಂಚಿನ ಕಾವಲು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಆತ್ಮರಕ್ಷಣೆಯ ಹಕ್ಕನ್ನು ಮನ್ನಿಸುತ್ತದೆ. ಅವಶ್ಯಕ್ಕಿಂತ ಹೆಚ್ಚಿನ ಹಾನಿಯನ್ನು ಮನ್ನಿಸುವುದಿಲ್ಲ.

ಕೋವಿ ಒಂದು ಬೀಗದಲ್ಲಿ, ತೋಟಾ ಇನ್ನೊಂದು ಬೀಗದಲ್ಲಿ, ಬೀಗದ ಕೈಗಳು ಮಕ್ಕಳಿಗೆಟುಕದಲ್ಲಿ ಇರಬೇಕು. ಹೀಗಿಟ್ಟರೆ ಬೇಕಾದಾಗ ತಡವಾಗುವುದಿಲ್ಲವೇ ಎಂದು ಕೇಳುವಿರಿ. ಆಗುತ್ತದೆ. ಆ ತಡದಲ್ಲಿಯೇ ದೀಪ ಹಚ್ಚಿ, ಯಾರೆಂದು ಕೂಗಿ ಕೇಳುವುದಕ್ಕೆ ಎಡೆಯುಂಟು. ದಶರಥನಿಗೆ ಶಬ್ದವೇಧಿ ವಿದ್ಯೆ ಕರಗತವಾಗಿತ್ತು. ಅವನ ಬಾಣ ಗುರಿ ತಪ್ಪಲಿಲ್ಲ. ಆನೆಯಲ್ಲ, ಕುರುಡು ತಂದೆತಾಯಿಗಳಿಗಾಗಿ ಕೊಡದಲ್ಲಿ ನೀರು ತುಂಬುತ್ತಿದ್ದ ಹುಡುಗನೆಂಬುದು ತಿಳಿದದ್ದು ಬಾಣ ನೆಟ್ಟ ಮೇಲೆ. ನಡುರಾತ್ರಿ ನೀರಿಗೆಂದು ಎದ್ದ ಮಗನ ಹೆಜ್ಜೆಗೂ ಕಳ್ಳನ ಹೆಜ್ಜೆಗೂ ನಮ್ಮ ಕಿವಿಗೆ ಭೇದ ತಿಳಿಯದು.