ಮಗ್ಗೆಯ ಗದ್ದೆ ಮತ್ತು ಊಟದ ತಟ್ಟೆ

ಆಯಾ ನೆಲದಲ್ಲಿ, ಆಯಾ ಋತುವಿನಲ್ಲಿ ಬೆಳೆದುದನ್ನೇ ಉಣ್ಣಬೇಕೆಂಬುದು ಇಂದು ನಗರಗಳಲ್ಲಿ ಹೊಸ ವಿಚಾರವೆನಿಸಿದರೂ, ಹಾಸನ ಜಿಲ್ಲೆಯ ಆಲೂರು ತಾಲ್ಲೂಕಿನ ಮಗ್ಗೆ ಹಾಗೂ ಸಕಲೇಶಪುರದ ಗುಡ್ಡಗಳಲ್ಲಿ ಅದು ಬದುಕಿನ ಕ್ರಮವೇ ಆಗಿತ್ತು. ತಗ್ಗಿನ ಗದ್ದೆಯ ಭತ್ತ ಅಕ್ಕಿರೊಟ್ಟಿ, ಕಡುಬುಗಳಾಗುತ್ತಿತ್ತು. ಮಳೆಗಾಲದಲ್ಲಿ ಕೆಸುವಿನ ಎಲೆ, ಅಣಬೆ ಮತ್ತು ಕಳಲೆ, ಅಂದರೆ ಬಿದಿರಿನ ಎಳೆಯ ಮೊಳಕೆ, ಅಡುಗೆಮನೆ ಸೇರುತ್ತಿದ್ದವು.

ಇಂತಹ ಆಹಾರಕ್ಕೆ ತಿಳಿವಳಿಕೆಯೂ ವ್ಯವಧಾನವೂ ಬೇಕು. ಕಳಲೆಯಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶವಿರುವುದರಿಂದ ಅದನ್ನು ಸಣ್ಣಗೆ ಹೆಚ್ಚಿ, ನೀರು ಬದಲಿಸುತ್ತ ಎರಡು ಮೂರು ದಿನ ನೆನೆಸಿ, ಚೆನ್ನಾಗಿ ಬೇಯಿಸಬೇಕು. ಕೆಸುವಿನಲ್ಲಿರುವ ಸೂಜಿಯಂತಹ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳು ಗಂಟಲು ಕೆರೆಯುವುದರಿಂದ ಹುಣಸೆಹುಳಿ ಸೇರಿಸಿ ಬೇಯಿಸುವ ರೂಢಿಯಿದೆ. ದುಡಿಮೆಗೆ ಹೊರಗೆ ಹೋಗುವ ಮನೆಗಳಲ್ಲಿ ಈ ಬಿಡುವು ಸಿಗುವುದು ಕಷ್ಟ.

ಅದಕ್ಕಿಂತ ದೊಡ್ಡ ತೊಡಕು ಗದ್ದೆಯಲ್ಲೇ ಇದೆ. ಕೂಲಿಯಾಳುಗಳ ಕೊರತೆ, ಏರಿದ ಖರ್ಚು, ಕಾಫಿ ಮತ್ತು ಶುಂಠಿಯ ಆದಾಯದ ಸೆಳೆತ ಇವುಗಳ ಜೊತೆಗೆ, ತೆನೆ ತುಂಬುವ ಹೊತ್ತಿಗೆ ನುಗ್ಗುವ ಕಾಡಾನೆಗಳ ಹಿಂಡು ಭತ್ತದ ಬೇಸಾಯವನ್ನೇ ಕೈಬಿಡುವಂತೆ ಮಾಡುತ್ತಿದೆ. ಹೈಕೋರ್ಟ್ ನೇಮಿಸಿದ್ದ ಆನೆ ಕಾರ್ಯಪಡೆಯ 2012ರ ವರದಿಯೂ ಆಲೂರು-ಸಕಲೇಶಪುರ ಭಾಗದ ಈ ಸಂಘರ್ಷದ ತೀವ್ರತೆಯನ್ನು ಗುರುತಿಸಿತ್ತು. ಗದ್ದೆ ಪಾಳು ಬಿದ್ದ ಮನೆಯವರು ಬೇರೆ ಸೀಮೆಯ ಅಕ್ಕಿಯನ್ನು ಕೊಂಡು ಉಣ್ಣಬೇಕಾಗುತ್ತದೆ.

ಆದ್ದರಿಂದ ಸ್ಥಳೀಯ ಆಹಾರವನ್ನು ಉಣ್ಣುವವರ ರುಚಿಯ ಆಯ್ಕೆಯೆಂದಷ್ಟೇ ನೋಡಲಾಗದು. ಭತ್ತಕ್ಕೆ ನ್ಯಾಯವಾದ ಬೆಲೆ, ಬೆಳೆಹಾನಿಗೆ ಸಕಾಲಿಕ ಪರಿಹಾರ, ಊರಿನ ಸಂತೆಯಲ್ಲಿ ಊರಿನ ಫಸಲಿಗೆ ಗಿರಾಕಿ, ಈ ಮೂರೂ ದೊರೆತರೆ ಮಾತ್ರ ಅದು ಉಳಿಯಬಲ್ಲದು.