ನಾಯಿಯ ಕಣ್ಣಿನ ಹುಣ್ಣು ಬೇಗ ಮಾಯುತ್ತಿಲ್ಲವೇ?



ಹಸು, ಆಡು, ಕೋಳಿ ಸಾಕಣೆಯ ಬಗ್ಗೆ ನಾವು ಸಭೆಗಳಲ್ಲಿ ಎಷ್ಟೋ ಸಲ ಮಾತಾಡಿದ್ದೇವೆ. ಆದರೆ ಆ ಹಟ್ಟಿಯನ್ನು, ಗೂಡನ್ನು ರಾತ್ರಿಯಿಡೀ ಕಾಯುವ ನಾಯಿಯ ಬಗ್ಗೆ ಮಾತಾಡಿದ್ದು ಕಡಿಮೆ. "ನಮ್ಮ ನಾಯಿಯ ಒಂದು ಕಣ್ಣು ಮುಚ್ಚಿಕೊಂಡೇ ಇರ್ತದೆ, ನೀರು ಸುರೀತದೆ, ಮೂರು ವಾರ ಆಯ್ತು, ಮದ್ದು ಹಾಕಿದ್ರೂ ವಾಸಿ ಆಗ್ತಿಲ್ಲ" ಎಂಬ ಮಾತು ಸಭೆ ಮುಗಿದ ಮೇಲೆ ಕೇಳಿಬರುವುದುಂಟು. ಅದಕ್ಕೇ ಈ ಸಲ ಆ ವಿಷಯವನ್ನೇ ತಿಳಿದುಕೊಳ್ಳೋಣ.

ಹುಣ್ಣು ಎಲ್ಲಿ ಆಗುತ್ತದೆ?

ಕಣ್ಣಿನ ಮುಂಭಾಗದಲ್ಲಿ ಗಾಜಿನಂತೆ ತಿಳಿಯಾದ ಒಂದು ಪದರ ಇದೆ. ಇದನ್ನು ಕಾರ್ನಿಯಾ ಅಂತಾರೆ. ನಾಯಿಯಲ್ಲಿ ಇದರ ದಪ್ಪ ಒಂದು ಮಿಲಿಮೀಟರಿಗಿಂತಲೂ ಕಡಿಮೆ. ಬೆಕ್ಕಿನ ಉಗುರು, ಮುಳ್ಳು, ಭತ್ತದ ಹೊಟ್ಟು ತಾಗಿದರೆ, ತೋಟಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಸಿಡಿದರೆ ಇದರ ಮೇಲ್ಪೊರೆ ಕಿತ್ತು ಹುಣ್ಣಾಗುತ್ತದೆ. ತುಂಬಾ ನೋವು ಕೊಡುವ ಹುಣ್ಣು ಇದು. ನಾಯಿ ಕಣ್ಣು ಕಿರಿದು ಮಾಡುತ್ತದೆ, ಕಾಲಿನಿಂದ ಉಜ್ಜುತ್ತದೆ, ಬೆಳಕಿಗೆ ಬಾರದೆ ಮೂಲೆ ಸೇರುತ್ತದೆ. ಕಣ್ಣು ಕೆಂಪಾಗಿ, ನೀಲಿ-ಬಿಳಿ ಮಸುಕು ಕಾಣಿಸುತ್ತದೆ.

ಯಾಕೆ ಮಾಯುವುದಿಲ್ಲ?

ಮೇಲ್ಮೈಯ ಸಣ್ಣ ಹುಣ್ಣು ಸರಿಯಾದ ಮದ್ದು ಬಿದ್ದರೆ ಸಾಮಾನ್ಯವಾಗಿ ಒಂದು ವಾರದೊಳಗೆ ಮಾಯುತ್ತದೆ. ವಾರ ಕಳೆದರೂ ಹಾಗೇ ಇದ್ದರೆ ಏನೋ ಕಾರಣ ಇದೆ ಎಂದೇ ತಿಳಿಯಬೇಕು:

1. ರೆಪ್ಪೆ ಒಳಕ್ಕೆ ಮಡಚಿ ಅಥವಾ ಒಳಗೆ ಕೂದಲು ಬೆಳೆದು ಕಣ್ಣಿಗೆ ಉಜ್ಜುತ್ತಿರಬಹುದು. ಕಸ ಸಿಕ್ಕಿಕೊಂಡಿರಬಹುದು.

2. ಕಣ್ಣೀರು ಸಾಕಷ್ಟು ಬಾರದೆ ಕಣ್ಣು ಒಣಗಿರಬಹುದು. ವೈದ್ಯರು ಕಾಗದದ ಪಟ್ಟಿ ಇಟ್ಟು ಒಂದು ನಿಮಿಷದಲ್ಲಿ ಎಷ್ಟು ಒದ್ದೆಯಾಯಿತು ಎಂದು ಅಳೆಯುತ್ತಾರೆ. 15 ಮಿಲಿಮೀಟರ್ ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಸರಿ. ಒಣಗಿದ ಕಣ್ಣಿಗೆ ಬೇರೆ ಮದ್ದು, ಹೆಚ್ಚಾಗಿ ಜೀವನಪರ್ಯಂತ ಬೇಕಾಗುತ್ತದೆ.

3. ರೋಗಾಣು ಸೇರಿ ಕೀವಾಗಿರಬಹುದು.

4. ಇದ್ಯಾವುದೂ ಇಲ್ಲದೆಯೂ ಕೆಲವು ನಾಯಿಗಳಲ್ಲಿ, ಮುಖ್ಯವಾಗಿ ನಡುವಯಸ್ಸು ದಾಟಿದವುಗಳಲ್ಲಿ, ಹೊಸ ಪೊರೆ ಬೆಳೆಯುತ್ತದೆ ಆದರೆ ಕೆಳಗಿನ ಪದರಕ್ಕೆ ಅಂಟಿಕೊಳ್ಳುವುದಿಲ್ಲ. ತೇವ ಇರುವ ಗೋಡೆಗೆ ಬಳಿದ ಸುಣ್ಣ ಎದ್ದು ಬರುವ ಹಾಗೆ! ಬಾಕ್ಸರ್ ತಳಿಯಲ್ಲಿ ಇದು ಹೆಚ್ಚು, ಆದರೆ ಯಾವ ನಾಯಿಗೂ ಬರಬಹುದು. ಬರೀ ಮದ್ದಿನ ಹನಿಯಿಂದ ಇದು ವಾರಗಟ್ಟಲೆ, ತಿಂಗಳುಗಟ್ಟಲೆ ಎಳೆಯುತ್ತದೆ.

ಚಿಕಿತ್ಸೆ ಏನು?

ಪಶುವೈದ್ಯರು ಕಣ್ಣಿಗೆ ಬಣ್ಣದ ಮದ್ದು ಹಾಕಿ ನೋಡುತ್ತಾರೆ. ಹುಣ್ಣಿರುವ ಜಾಗ ಹಸಿರಾಗಿ ಕಾಣುತ್ತದೆ. ಪೊರೆ ಅಂಟದ ಹುಣ್ಣಾದರೆ ಬಣ್ಣ ಅಂಚಿನ ಅಡಿಗೂ ಹರಿಯುತ್ತದೆ. ಆಗ ಕಣ್ಣನ್ನು ಮರಗಟ್ಟಿಸಿ, ಶುದ್ಧವಾದ ಒಣ ಹತ್ತಿಕಡ್ಡಿಯಿಂದ ಸಡಿಲ ಪೊರೆಯನ್ನು ಒರೆಸಿ ತೆಗೆಯುತ್ತಾರೆ. ಬೇಕಾದರೆ ಸೂಜಿಯ ತುದಿಯಿಂದ ಬಲೆಯಂತೆ ಸಣ್ಣ ಗೀರುಗಳನ್ನು ಹಾಕುತ್ತಾರೆ ಅಥವಾ ಉಜ್ಜುವ ಚಿಕ್ಕ ಯಂತ್ರ ಬಳಸುತ್ತಾರೆ. ಗೋಡೆಯನ್ನು ಕೆರೆದು ಬಳಿದರೆ ಸುಣ್ಣ ಹಿಡಿಯುತ್ತದಲ್ಲ, ಹಾಗೇ ಹೊಸ ಪೊರೆ ಹಿಡಿದುಕೊಳ್ಳುತ್ತದೆ. ಹೆಚ್ಚಿನ ನಾಯಿಗಳಿಗೆ ಕೆಲವು ವಾರಗಳಲ್ಲಿ ಗುಣವಾಗುತ್ತದೆ. ಕೆಲವಕ್ಕೆ ಎರಡನೇ ಸಲವೂ ಮಾಡಬೇಕಾಗುತ್ತದೆ. ಆಳವಾದ, ಕೀವಾದ ಹುಣ್ಣಿಗೆ ಇದನ್ನು ಮಾಡುವ ಹಾಗಿಲ್ಲ. ಇದು ವೈದ್ಯರ ಕೈಯ ಕೆಲಸ, ಮನೆಯಲ್ಲಿ ಪ್ರಯತ್ನ ಬೇಡವೇ ಬೇಡ.

ನಾವು ಮಾಡಬಾರದ್ದು

ಉಪ್ಪು ಊದುವುದು, ಹೊಗೆಸೊಪ್ಪಿನ ರಸ, ಸುಣ್ಣದ ನೀರು, ಎಲೆಯ ರಸ ಹಿಂಡುವುದು – ಇದೆಲ್ಲ ಹುಣ್ಣಿನ ಮೇಲೆ ಇನ್ನೊಂದು ಹುಣ್ಣು ಮಾಡಿದಂತೆ. ಮನೆಯಲ್ಲಿ ಉಳಿದ ನಮ್ಮ ಕಣ್ಣಿನ ಮದ್ದನ್ನೂ ಹಾಕಬೇಡಿ. ಅದರಲ್ಲಿ ಡೆಕ್ಸಾಮೆಥಸೋನ್ ಅಥವಾ ಬೀಟಾಮೆಥಸೋನ್ ಎಂಬ ಸ್ಟೀರಾಯ್ಡ್ ಇರಬಹುದು. ಒಂದೆರಡು ದಿನ ಕೆಂಪು ಇಳಿದು ವಾಸಿಯಾದ ಹಾಗೆ ಕಾಣುತ್ತದೆ, ಒಳಗೊಳಗೇ ಹುಣ್ಣು ಆಳವಾಗಿ ಕಣ್ಣು ತೂತಾಗಲೂಬಹುದು. ನೋವಿಗೆಂದು ನಮ್ಮ ಮಾತ್ರೆಗಳನ್ನೂ ಕೊಡಬಾರದು. ಪ್ಯಾರಾಸಿಟಮಾಲ್, ಐಬುಪ್ರೊಫೇನ್ ನಾಯಿಗೆ ವಿಷವಾಗಬಹುದು.

ನಾವು ಮಾಡಬೇಕಾದ್ದು

• ಔಷಧ ಸಿಡಿದಿದ್ದರೆ ತಕ್ಷಣ ಶುದ್ಧ ನೀರಿನಿಂದ 15 ನಿಮಿಷ ತೊಳೆಯಿರಿ, ಆಮೇಲೆ ಆಸ್ಪತ್ರೆಗೆ ಹೊರಡಿ.
• ಕುದಿಸಿ ಆರಿಸಿದ ನೀರಿನಲ್ಲಿ ಹತ್ತಿ ಅದ್ದಿ ಪಿಸರು ಒರೆಸಿ. ಕೈ ಸೋಪಿನಿಂದ ತೊಳೆದುಕೊಳ್ಳಿ.
• ವೈದ್ಯರು ಹೇಳಿದಷ್ಟು ಸಲ ಹನಿ ಹಾಕಿ. ಎರಡು ಮದ್ದಿದ್ದರೆ ನಡುವೆ ಐದು ನಿಮಿಷ ಬಿಡಿ. ಬಾಟಲಿಯ ತುದಿ ಕಣ್ಣಿಗೆ ತಾಗಬಾರದು.
• ಉಜ್ಜದಂತೆ ಕೊರಳಿಗೆ ಕೊಳವೆಪಟ್ಟಿ ಕಟ್ಟಿ. ಕೊಳ್ಳಲು ಆಗದಿದ್ದರೆ ಹಳೆಯ ಪ್ಲಾಸ್ಟಿಕ್ ಬಕೆಟ್ಟಿನ ತಳ ಕತ್ತರಿಸಿ, ಅಂಚಿಗೆ ಬಟ್ಟೆ ಸುತ್ತಿ ಮಾಡಬಹುದು. ಅದು ಮೂಗಿನ ತುದಿಗಿಂತ ಮುಂದೆ ಇರಬೇಕು.
• ಹೇಳಿದ ದಿನ ಮತ್ತೆ ತೋರಿಸಿ. ಕಣ್ಣು ತೆರೆಯಿತು ಅಂತ ನೀವೇ ಮದ್ದು ನಿಲ್ಲಿಸಬೇಡಿ.

ಕಣ್ಣಿನ ಮೇಲೆ ಲೋಳೆಯಂತೆ ಕರಗಿದ್ದು ಕಂಡರೆ, ಹಳದಿ ಕೀವು ಬಂದರೆ, ಗುಳಿ ಅಥವಾ ಕಪ್ಪು ಗುಳ್ಳೆ ಕಾಣಿಸಿದರೆ ನಾಳೆ ನೋಡೋಣ ಅನ್ನಬೇಡಿ. ಆ ದಿನವೇ ಹೊರಡಿ. ಇಲ್ಲದಿದ್ದರೆ ಕಣ್ಣೇ ಹೋಗಬಹುದು.

ಒಂದು ಎಚ್ಚರಿಕೆ: ನೋವಿರುವ ನಾಯಿ ಮನೆಯವರನ್ನೂ ಕಚ್ಚುತ್ತದೆ. ಬಾಯಿಗೆ ಬಟ್ಟೆ ಕಟ್ಟಿ, ಒಬ್ಬರು ಹಿಡಿದು ಇನ್ನೊಬ್ಬರು ಮದ್ದು ಹಾಕಿ. ಜೊಲ್ಲು ಸುರಿಸಿ ವಿಚಿತ್ರವಾಗಿ ವರ್ತಿಸುವ ನಾಯಿಯನ್ನು ಮುಟ್ಟಲೇಬೇಡಿ. ರೇಬಿಸ್ ಲಸಿಕೆ ಪ್ರತಿ ವರ್ಷ ಹಾಕಿಸಿರಿ.

ಮೊದಲು ಹತ್ತಿರದ ಸರ್ಕಾರಿ ಪಶು ಆಸ್ಪತ್ರೆಗೆ ಹೋಗಿ. ಅಲ್ಲಿ ಆಗದಿದ್ದರೆ ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್‌ಗಳಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ದೂರದ ಖರ್ಚು ಒಬ್ಬರಿಗೆ ಭಾರವಾದರೆ ಸಂಘದ ಸಭೆಯಲ್ಲಿ ಮಾತಾಡಿ. ತುರ್ತಿಗೆ ಸಣ್ಣ ಸಾಲ ಕೊಡುವುದಕ್ಕೇ ಅಲ್ಲವೇ ನಮ್ಮ ವಾರದ ಉಳಿತಾಯ?

ಅಕ್ಟೋಬರ್ 4 ಪ್ರಾಣಿಗಳ ಪಾಲಕರಾದ ಅಸಿಸಿಯ ಸಂತ ಫ್ರಾನ್ಸಿಸರ ಹಬ್ಬ. ಮೂಕ ಜೀವಿಗೆ ತನ್ನ ನೋವು ಹೇಳಲು ಬಾಯಿಲ್ಲ. ಅದರ ಮುಚ್ಚಿದ ಕಣ್ಣನ್ನು ನೋಡಿ ನಾವೇ ಅರ್ಥಮಾಡಿಕೊಳ್ಳಬೇಕು. ಈ ವಾರದ ಸಭೆಯಲ್ಲಿ ಇದನ್ನು ಓದಿ ಹೇಳಿ.